ಚೇಳೂರು ದಾರಿಯ ಕುಲುಮೆಯ ಈಳಿಗೆ ಮಣೆ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಆವತ್ತು ಆಯುಧಪೂಜೆ. ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತಂದು ಚಾಪೆ ಮೇಲೆ ಜೋಡಿಸಿದ್ದೆ. ಕತ್ತರಿ, ಸ್ಪ್ಯಾನರ್, ಮಚ್ಚು, ಸ್ಕೂಟರಿನ ಕೀ, ಆಮೇಲೆ ಅಡುಗೆಮನೆ ಡ್ರಾಯರಿನ ಚಾಕುಗಳು. ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತಾ ಹೋದೆ. ಒಂಬತ್ತು ಚಾಕು. ಮನೆಯಲ್ಲಿರುವುದು ಮೂರು ಜನ. ಪೂಜೆ ಮುಗಿದು ನಿಂಬೆಹಣ್ಣು ಕುಯ್ಯಲು ಒಂದು ಚಾಕು ಎತ್ತಿಕೊಂಡೆ. ಹಣ್ಣು ಜಜ್ಜಿಹೋಯಿತು. ಇನ್ನೊಂದು ಎತ್ತಿಕೊಂಡೆ. ಅದೂ ಅಷ್ಟೇ. ಗೋಡೆಗೆ ಒರಗಿ ಕೂತಿದ್ದ ಅತ್ತೆ, "ಅಲ್ಲ ಕಣಮ್ಮ, ಎಲ್ಲಕ್ಕೂ ಕುಂಕುಮ ಇಟ್ಟೆಯಲ್ಲ, ಇದ್ರಲ್ಲಿ ಕುಯ್ಯೋದು ಯಾವುದು?" ಅಂದರು.

ಕುಯ್ಯುವುದು ಒಂದೇ. ಹಸಿರು ಹಿಡಿಯ ಸಣ್ಣದು, ಯಾವತ್ತೋ ಬಸ್ ಸ್ಟ್ಯಾಂಡ್ ಹತ್ತಿರ 30 ರೂಪಾಯಿಗೆ ತಂದದ್ದು. ಉಳಿದ ಎಂಟರಲ್ಲಿ ಐದು ಒಂದೇ ಡಬ್ಬಿಯಲ್ಲಿ ಬಂದವು. ನಮ್ಮ ಮನೆಯವರು ದೀಪಾವಳಿ ರಿಯಾಯಿತಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ಬಣ್ಣಬಣ್ಣದ ಚಾಕು, ಜೊತೆಗೆ ನಿಲ್ಲಿಸಿಡಲು ಒಂದು ಸ್ಟ್ಯಾಂಡ್. ಮೂರು ತಿಂಗಳಲ್ಲಿ ಮೊಂಡು. ಒಂದರ ಹಿಡಿ ಕುಂಬಳಕಾಯಿಯಲ್ಲೇ ಉಳಿದುಕೊಂಡಿತು, ಅಲಗು ನನ್ನ ಕೈಯಲ್ಲಿ. ಹೇಗೆ ಸಾಧ್ಯ ಅಂತ ಕೇಳಬೇಡಿ, ಹಾಗೇ ಆಯಿತು.

ಮೊದಲು ನಮ್ಮ ಮನೆಯಲ್ಲಿ ಅತ್ತೆಯ ಈಳಿಗೆ ಮಣೆ ಇತ್ತು. ತುಮಕೂರು ಹತ್ತಿರದ ಕ್ಯಾತ್ಸಂದ್ರದ ಈ ಮನೆಗೆ ಬಂದಾಗ ಗ್ರಾನೈಟ್ ಕಟ್ಟೆಯ ಅಡುಗೆಮನೆ ಅಂತ ಹಿಗ್ಗಿ, ನೆಲದ ಮೇಲೆ ಕೂತು ಇನ್ಯಾರು ಹೆಚ್ಚುತ್ತಾರೆ ಅಂದುಕೊಂಡು, ಹಳೇ ಸಾಮಾನಿನವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬಕೆಟ್ ತಗೊಂಡೆ. ಬಕೆಟ್ ಎರಡನೇ ವರ್ಷ ಸೀಳಿತು. ಅತ್ತೆ ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ. ಎತ್ತಿದ್ದರೇ ವಾಸಿಯಿತ್ತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಯಾವುದೋ ದೊಡ್ಡ ತತ್ವ ಹಿಡಿದು ಈ ಈಳಿಗೆ ಮಣೆ ತಂದವಳಲ್ಲ. ತತ್ವ ಹಿಡಿದದ್ದು ನನ್ನ ಮಗಳು. ಬೆಂಗಳೂರಿನಲ್ಲಿದ್ದಾಳೆ. ವಿಡಿಯೋ ನೋಡಿ ನೋಡಿ, ಸಾಮಾನು ಕಡಿಮೆ ಇದ್ದರೆ ಮನಸ್ಸು ಹಗುರ ಅಂತ ಅರ್ಧ ಮನೆ ಖಾಲಿ ಮಾಡಿದಳು. ಆಮೇಲೆ ಉಳಿದದ್ದನ್ನು ಓರಣವಾಗಿಡಲು ಬಿದಿರಿನ ಡಬ್ಬಿ 14 ತರಿಸಿದಳು. ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿರುವವಳು. ಎಣಿಸದೆ ಇರಲು ಆಗುವುದಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ಚೇಳೂರಿಗೆ ಹಲಸಿನಹಣ್ಣು ತರಲು ಹೋಗಿದ್ದೆವು. ಗುಬ್ಬಿ ತಾಲ್ಲೂಕಿನ ಚೇಳೂರು ಅಂದರೆ ನಮ್ಮ ಕಡೆಯವರಿಗೆ ಹಲಸು. ತಾಮ್ರದ ಬಣ್ಣದ ತೊಳೆಯ ಸಿದ್ದು ಹಲಸು ಆ ಸೀಮೆಯದೇ. ಬರುವ ದಾರಿಯಲ್ಲಿ ಹುಣಸೆಮರದ ಕೆಳಗೆ ತಗಡಿನ ಚಪ್ಪರ, ಒಳಗಿಂದ ಠಣ್ ಠಣ್ ಸದ್ದು. ಕಾರು ನಿಲ್ಲಿಸಿ ಅಂದೆ. ಹಿಂದಿನ ಸೀಟಿನಲ್ಲಿ ಮೂರು ಹಲಸು, ಮನೆಯಲ್ಲಿ ಕುಯ್ಯಲು ಹಸಿರು ಹಿಡಿಯ ಚಾಕು. ಅದೇ ನೆನಪಾಗಿದ್ದು.

ಕುಲುಮೆಗೆ ಬೋರ್ಡಿಲ್ಲ. ಆಚಾರ್ರ ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ. ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಅವರ ಹೆಂಡತಿ ಬ್ಲೋವರ್ ತಿರುಗಿಸುತ್ತಾ ಕೂತಿರುತ್ತಾರೆ, ಗಿರಾಕಿಗಳ ಹತ್ತಿರ ಮಾತೆಲ್ಲ ಅವರದೇ. ಈಳಿಗೆ ಮಣೆ ಬೇಕು ಅಂದೆ.

"ಈಗಾಗಲ್ಲ ಅಮ್ಮಾವ್ರೆ. ಮಳೆ ಬಿದ್ದೈತೆ. ಕುಳ ತಟ್ಟಿಸೋರು, ಕುಡುಗೋಲು ಹದ ಹಾಕ್ಸೋರು, ಎಲ್ಲಾ ಸಾಲಾಗಿ ನಿಂತವ್ರೆ. ಮೂರು ವಾರ ಬಿಟ್ಟು ಬನ್ನಿ. ಮಣೆಗೆ ಮರ ನೀವೇ ತಂದ್ರೆ ಒಳ್ಳೇದು."

ಮರ ಎಲ್ಲಿಂದ ತರುವುದು? ನಮ್ಮ ಮನೆಯವರ ಹಳ್ಳಿಮನೆ ಅಟ್ಟದಲ್ಲಿ ಹಲಸಿನ ಹಲಗೆಯೊಂದು ಬಿದ್ದಿತ್ತು, ಹಳೇ ಬಾಗಿಲಿನದು. ಅದನ್ನೇ ಒಯ್ದೆವು. ಆಚಾರ್ರು ಹಲಗೆಯನ್ನು ಉಗುರಿನಿಂದ ಗೀರಿ ನೋಡಿದರು, ಬೆರಳಲ್ಲಿ ತಟ್ಟಿ ಕಿವಿ ಇಟ್ಟರು, ತಲೆ ಆಡಿಸಿದರು. ಅಲಗು ಲಾರಿಯ ಕಮಾನ್ ಪಟ್ಟಿಯದು. ಗುಜರಿಯಿಂದ ತಂದ ಪಟ್ಟಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಲಾರಿಯ ಭಾರ ಹೊತ್ತು ಬಾಗಿ ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು. ಸುಲಭಕ್ಕೆ ಮುರಿಯುವುದಿಲ್ಲ, ಹದ ಸರಿಯಾಗಿ ಕೊಟ್ಟರೆ ಅಂಚು ತಡೆಯುತ್ತದೆ.

ಹದ ಕೊಡುವುದನ್ನು ನಾನು ನಿಂತು ನೋಡಿದೆ. ಆ ದಿನದ ರಜೆ ಸಾರ್ಥಕ ಅನ್ನಿಸಿದ್ದು ಅದಕ್ಕೇ. ತಟ್ಟಿ ತಟ್ಟಿ ಬಾಗಿಸಿದ ಅಲಗನ್ನು ಚಿಪ್ಪಿನ ಇದ್ದಲಿನ ಕೆಂಡದಲ್ಲಿ ಇಟ್ಟರು. ಅದು ಮಾಗಿದ ಚೆರ್ರಿ ಹಣ್ಣಿನ ಕೆಂಪಿಗೆ ಬಂದಾಗ ಇಕ್ಕಳದಲ್ಲಿ ಎತ್ತಿ, ಹಳೇ ಇಂಜಿನ್ ಆಯಿಲ್ ಇದ್ದ ಡಬ್ಬಕ್ಕೆ ಅದ್ದಿದರು. ಭುಸ್ ಅಂತ ಹೊಗೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಇಲ್ಲ. ಈಗ ಅದು ಗಾಜಿನ ಹಾಗೆ, ಕೆಳಗೆ ಬಿದ್ದರೆ ಮುರಿಯುತ್ತದಂತೆ. ಮೇಲಿನ ಕಪ್ಪನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಕಾವಿನಲ್ಲಿ ಹಿಡಿದರು. ಬೆಳ್ಳಗಿದ್ದ ಉಕ್ಕಿನ ಮೇಲೆ ಬಣ್ಣ ಹತ್ತತೊಡಗಿತು. ಮೊದಲು ಒಣಹುಲ್ಲಿನ ಹಳದಿ. ಅದು ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ನಿಧಾನಕ್ಕೆ ಹರಿದು ಬರುವುದನ್ನು ಕಣ್ಣಲ್ಲೇ ನೋಡಬಹುದು. ಆಚಾರ್ರು ಆ ಗಳಿಗೆಯಲ್ಲಿ ಉಸಿರು ಬಿಗಿಹಿಡಿದಿದ್ದರು. ಅಂಚಿಗೆ ಹಳದಿ ಮುಟ್ಟಿದ್ದೇ ತಡ, ಮತ್ತೆ ಡಬ್ಬಕ್ಕೆ. "ನೀಲಿ ತಿರುಗಿದ್ರೆ ಅಂಚು ಮೆತ್ತಗಾಯ್ತದೆ" ಅಂದರು. ಅವತ್ತು ಅವರು ಆಡಿದ ಉದ್ದದ ಮಾತು ಇದೇ.

ಮರ ನಮ್ಮದಾದ್ದರಿಂದ 700 ರೂಪಾಯಿ. ಮುಂದೆ ಬಾಗಿದ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲೂ ಸೇರಿ. ಚೌಕಾಸಿ ಮಾಡಲಿಲ್ಲ. ಮಾಡಬೇಕು ಅನ್ನಿಸಲೂ ಇಲ್ಲ.

ಈಗ ಬಳಕೆಯ ವಿಷಯ. ಮೊದಲ ವಾರ ಒದ್ದಾಟ. ಚಾಕುವಿನಲ್ಲಿ ತರಕಾರಿ ನಿಂತಿರುತ್ತದೆ, ಕೈ ಓಡಾಡುತ್ತದೆ. ಇಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಓಡಾಡಬೇಕು. ಇಪ್ಪತ್ತು ವರ್ಷದ ಅಭ್ಯಾಸ ತಿರುವುಮುರುವು. ಅತ್ತೆ ಪಕ್ಕದಲ್ಲಿ ಕೂತು ಮತ್ತೆ ಕಲಿಸಿದರು. ಒಂದು ಕಾಲು ಮಡಚಿ ಮಣೆಯನ್ನು ಅದುಮಿ ಹಿಡಿಯಬೇಕು, ನೋಟ ಅಂಚಿನಿಂದ ಕದಲಬಾರದು, ಎದ್ದು ಹೋಗುವಾಗ ಅಲಗು ಮೇಲೆ ಮಾಡಿ ಬಿಡಬಾರದು, ಮಣೆ ಮಲಗಿಸಿಯೇ ಏಳಬೇಕು. ಫೋನ್ ಬಂದರೂ ಸರಿ.

ಸೊಪ್ಪಿಗೆ ಇದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಬಸ್ಸಾರಿಗೆ ದಂಟಿನ ಸೊಪ್ಪಿನ ಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅಂಚಿಗೆ ತಳ್ಳಿದರೆ ಸರಸರ ಉದುರುತ್ತದೆ, ಜಜ್ಜುವುದಿಲ್ಲ, ನೀರು ಬಿಡುವುದಿಲ್ಲ. ಬಾಳೆದಿಂಡಿಗಂತೂ ಹೇಳುವುದೇ ಬೇಡ. ಬಿಲ್ಲೆ ಕುಯ್ದು ಎಳೆಯುವಾಗ ಬರುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬಹುದು. ಎರಡೂ ಕೈ ಬಿಡುವಾಗಿರುತ್ತವೆ ಅಲ್ವಾ. ಹಲಸಿಗೆ ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ ಆಯಿತು. ಕುಂಬಳಕಾಯಿ ಮಾತ್ರ ಮೊದಲು ಮಚ್ಚಿನಲ್ಲಿ ಎರಡು ಮಾಡಿಕೊಳ್ಳುತ್ತೇನೆ.

ಇನ್ನು ತಕರಾರುಗಳು.

ತುಕ್ಕು. ನಾಲ್ಕನೇ ದಿನವೇ ರಾತ್ರಿ ಒದ್ದೆ ಬಿಟ್ಟಿದ್ದೆ, ಬೆಳಿಗ್ಗೆ ಅಂಚೆಲ್ಲ ಕಿತ್ತಳೆ ಬಣ್ಣ. ಆಚಾರ್ರಿಗೆ ಶಾಪ ಹಾಕಿದೆ. ತುಮಕೂರಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವ ತಮ್ಮನ ಮಗ ಬಂದವನು, "ಅತ್ತೆ, ಸ್ಟೇನ್‌ಲೆಸ್ ಅನ್ನಿಸಿಕೊಳ್ಳೋಕೆ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಕ್ರೋಮಿಯಂ ಬೇಕು. ಅದು ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತೆ. ಇದರಲ್ಲಿ ಅಷ್ಟು ಎಲ್ಲಿದೆ?" ಅಂದ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಒರೆಸಿ, ಎಣ್ಣೆ ಹಚ್ಚಿದೆ. ಈಗ ಅಲಗು ಪೂರ್ತಿ ಕಂದುಗಪ್ಪು, ತುಕ್ಕು ಹತ್ತುವುದು ಕಡಿಮೆಯಾಗಿದೆ. ಆದರೂ ದಿನಾ ಒರೆಸಬೇಕು. ಒರೆಸಲು ಆಗದವರು ಇದನ್ನು ತರಬೇಡಿ, ಸುಮ್ನೆ ದುಡ್ಡು ದಂಡ. ಮೊದಮೊದಲು ಬಾಳೆಹೂವು, ನಿಂಬೆಹಣ್ಣು ಕುಯ್ದರೆ ತರಕಾರಿಯೂ ಕಪ್ಪಾಗುತ್ತಿತ್ತು. ಈಗ ಅಷ್ಟಿಲ್ಲ.

ತುರಿಯುವ ಹಲ್ಲು. ಮೊದಲು ಕೊಟ್ಟಾಗ ಬಹಳ ದಪ್ಪ. ಚಟ್ನಿಗೆ ನಡೆಯುತ್ತಿತ್ತು. ಕಾಯಿ ಒಬ್ಬಟ್ಟು ಮಾಡಲು ಹೋದಾಗ ಹೂರಣದಲ್ಲಿ ಕಾಯಿ ಚೂರು ಚೂರು ಸಿಕ್ಕಿ, ಲಟ್ಟಿಸುವಾಗ ಕಣಕ ಹರಿಯಿತು. ಕಲ್ಪತರು ನಾಡಿನಲ್ಲಿ ಕೂತು ಕಾಯಿ ತುರಿಯಲಾಗದ ಈಳಿಗೆ ಮಣೆ ಅಂದರೆ ಮರ್ಯಾದೆ ಪ್ರಶ್ನೆ. ವಾಪಸ್ ಒಯ್ದೆ. ಆಚಾರ್ರು ಅರ ತಗೊಂಡು ಒಂದೊಂದು ಹಲ್ಲನ್ನೂ ನಡುವೆ ಕೊರೆದು ಎರಡೆರಡು ಮಾಡಿದರು. ಮುಕ್ಕಾಲು ಗಂಟೆ ಹಿಡಿಯಿತು. ದುಡ್ಡು ಕೇಳಲಿಲ್ಲ. ಅವರ ಹೆಂಡತಿ ಮಾತ್ರ, "ಒಬ್ಬಟ್ಟಿಗೆ ಅಂತ ಮೊದ್ಲೇ ಹೇಳ್ಬೇಕಿತ್ತಲ್ವಾ?" ಅಂತ ನನ್ನನ್ನೇ ದಬಾಯಿಸಿದರು. ತಪ್ಪು ಇಬ್ಬರದೂ ಇದೆ ಅಂತ ನನ್ನ ಲೆಕ್ಕ.

ಮಂಡಿ. ನನಗೆ 52. ನೆಲದ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲ. ಹಾಗಾಗಿ ಬೆಳಗಿನ ಗಡಿಬಿಡಿಯಲ್ಲಿ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ ಅಂದರೆ ಈಗಲೂ ಕಟ್ಟೆ ಮುಂದೆ ನಿಂತು ಹಸಿರು ಹಿಡಿಯ ಚಾಕುವೇ. ಸಂಜೆ, ಭಾನುವಾರ, ಹಬ್ಬಕ್ಕೆ ಈಳಿಗೆ ಮಣೆ. ಮಂಡಿ ತೀರಾ ಕೆಟ್ಟಿರುವವರು ಯೋಚಿಸಿ ತಗೊಳ್ಳಿ. ಮನೆಯಲ್ಲಿ ತೆವಳುವ ಮಗು ಇದ್ದರೆ ಯೋಚಿಸುವುದೂ ಬೇಡ.

ಅಂದರೆ ಒಂಬತ್ತು ಹೋಗಿ ಒಂದಾಗಲಿಲ್ಲ, ಎರಡಾಯಿತು. ಉಳಿದ ಎಂಟನ್ನು ಏನು ಮಾಡಿದೆ ಅಂತ ಕೇಳುತ್ತೀರಿ. ಮೊದಲ ಸಲ ಸಾಣೆ ಹಿಡಿಸಲು ಹೋದಾಗ ಒಂದು ಬಟ್ಟೆಯಲ್ಲಿ ಸುತ್ತಿ ಕುಲುಮೆಗೆ ಒಯ್ದಿದ್ದೆ. ಕಬ್ಬಿಣ ಅಲ್ವಾ, ಏನಾದರೂ ಮಾಡಿಕೊಳ್ಳಲಿ ಅಂತ. ಆಚಾರ್ರು ಗಂಟು ಬಿಚ್ಚಿ ಒಂದೊಂದನ್ನೇ ಅಡಿಗಲ್ಲಿನ ಅಂಚಿಗೆ ಒತ್ತಿ ಬಗ್ಗಿಸಿದರು. ಬಗ್ಗಿದ್ದು ಬಗ್ಗಿದ ಹಾಗೇ ನಿಂತಿತು. ಎರಡನ್ನು ಪಕ್ಕಕ್ಕಿಟ್ಟುಕೊಂಡರು. ಆರನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಇದು ತಗಡು ಅಮ್ಮಾ. ನಂಗೂ ಬೇಡ."

ಕಾರಿನಲ್ಲಿ ನಮ್ಮ ಮನೆಯವರು ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಗುಬ್ಬಿಯವರೆಗೂ ಮಾತಾಡಲಿಲ್ಲ. ರಿಯಾಯಿತಿಯಲ್ಲಿ ತರಿಸಿದ್ದು ಅವರು ತಾನೇ.

ಸಾಣೆಗೆ 40 ರೂಪಾಯಿ. ಈ ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಹಿಡಿಸಿದ್ದೇನೆ. ನಡುವೆ ಮನೆಯಲ್ಲೇ ಪಿಂಗಾಣಿ ಬಟ್ಟಲಿನ ತಳಕ್ಕೆ ನಾಲ್ಕು ಸಲ ಎಳೆದರೆ ಕೆಲಸ ನಡೆಯುತ್ತದೆ. ಈ ಬೇಸಿಗೆಯಲ್ಲಿ ಹಲಗೆ ಒಣಗಿ ಅಲಗಿನ ಬುಡ ಸ್ವಲ್ಪ ಅಲ್ಲಾಡತೊಡಗಿತ್ತು. ಅದಕ್ಕೂ ಹೋದೆ. ಬೆಣೆ ಹೊಡೆದು ಐದು ನಿಮಿಷದಲ್ಲಿ ಸರಿ ಮಾಡಿದರು. ನಾನು ಇದಕ್ಕೆ ಪೂರ್ತಿ ಅಂಕ ಕೊಡುವುದು ಈ ಒಂದು ಕಾರಣಕ್ಕೇ. ಏನಾದರೂ ಆದರೆ ಹೋಗಿ ಕೇಳಲು ಒಂದು ಜಾಗ ಇದೆ, ಕೇಳಿದರೆ ಬೈದಾದರೂ ಮಾಡಿಕೊಡುವವರು ಅಲ್ಲಿದ್ದಾರೆ.

ಹೋಗುವವರಿಗೆ: ಗುಬ್ಬಿಯಿಂದ ಚೇಳೂರು ಕಡೆ ಹೋಗುವಾಗ ಬಲಗಡೆಗೆ ಹುಣಸೆಮರ, ತಗಡಿನ ಚಪ್ಪರ. ಅಮಾವಾಸ್ಯೆ ದಿನ ಕೆಲಸ ಇಲ್ಲ. ಫೋನ್ ಇದೆ, ಎತ್ತುವುದಿಲ್ಲ. ಕ್ಯಾಶ್ ಇಟ್ಟುಕೊಳ್ಳಿ. ಮುಂಗಾರಿನ ಹೊತ್ತಿನಲ್ಲಿ ಹೋಗಲೇಬೇಡಿ, ರೈತರ ಕೆಲಸ ಬಿಟ್ಟು ನಿಮ್ಮದನ್ನು ಮುಟ್ಟುವುದಿಲ್ಲ, ಅದು ಸರಿಯೂ ಹೌದು. ಹಳೇ ಮರ ಇದ್ದರೆ ಒಯ್ಯಿರಿ.

ಮಗಳು ಬಂದಾಗ ಇದರಲ್ಲಿ ಹುರುಳಿಕಾಯಿ ಹೆಚ್ಚಿ ನೋಡಿ, ನನಗೂ ಒಂದು ಬೇಕು, ಆದರೆ ಕಟ್ಟೆಗೆ ತಿರುಪು ಹಾಕಿ ಕೂರಿಸುವ ಹಾಗೆ, ನಿಂತು ಹೆಚ್ಚುವ ಹಾಗೆ ಅಂದಳು. ಹೋದ ತಿಂಗಳು ಆಚಾರ್ರನ್ನು ಕೇಳಿದೆ. ಅಲಗು ತಟ್ಟುತ್ತಿದ್ದವರು ಸುತ್ತಿಗೆ ನಿಲ್ಲಿಸಿ, "ಅವ್ರ ಮನೇಲಿ ನೆಲ ಇಲ್ವಾ?" ಅಂದರು. ಅವರ ಹೆಂಡತಿ, ಆಯುಧಪೂಜೆ ಕಳೆದು ಬನ್ನಿ, ನಾನು ಒಪ್ಪಿಸಿರ್ತೀನಿ ಅಂದಿದ್ದಾರೆ.