ಹಳೆ ಡಿವಿಆರ್‌ಗೆ ಐಪಿ ಕ್ಯಾಮೆರಾ: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮಂಗಳೂರು, ಉಡುಪಿ ಕಡೆಯ ಅಪಾರ್ಟ್‌ಮೆಂಟು, ಅಂಗಡಿಗಳಲ್ಲಿ ಬಿಎನ್‌ಸಿ ಪಿನ್ನಿನ (ದುಂಡಗಿನ, ತಿರುಗಿಸಿ ಕೂರಿಸುವ ಪಿನ್ನು) ಹಳೆ ಡಿವಿಆರ್‌ಗಳು, ಅಂದರೆ ಸಿಸಿಟಿವಿ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆಗಳು, ಇನ್ನೂ ಓಡುತ್ತಿವೆ. ಕ್ಯಾಮೆರಾ ಹಾಳಾಯಿತೆಂದು ಹೊಸದು ಕೇಳಲು ಹೋದರೆ, "ಐಪಿ ಕ್ಯಾಮೆರಾ ಹಾಕಿಸಿ, ಒಂದು ಕನೆಕ್ಟರ್ ಹಾಕಿದರೆ ಹಳೆ ಡಿವಿಆರ್‌ಗೇ ಕೂರುತ್ತದೆ" ಎನ್ನುವವರು ಇದ್ದಾರೆ. ಈ ಮಾತನ್ನು ದಯವಿಟ್ಟು ನಂಬಬೇಡಿ. ಐಪಿ ಕ್ಯಾಮೆರಾ ಚಿತ್ರ ಕಳಿಸುವುದು ಕಂಪ್ಯೂಟರ್ ನೆಟ್‌ವರ್ಕಿನ ಮೂಲಕ, ಹಳೆ ಡಿವಿಆರ್‌ಗೆ ಬೇಕಾದದ್ದು ಅನಲಾಗ್ ಕ್ಯಾಮೆರಾದ ಚಿತ್ರ.

ಉಡುಪಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಆದದ್ದು ಇದೇ. ಎಂಟು ಚಾನೆಲ್ಲಿನ ಹಳೆ ಡಿವಿಆರ್, ಅದಕ್ಕೆ 4 ಮೆಗಾಪಿಕ್ಸೆಲ್‌ನ ನಾಲ್ಕು ಐಪಿ ಕ್ಯಾಮೆರಾ, ಜೊತೆಗೆ ಆರ್‌ಜೆ45ರಿಂದ (ನೆಟ್‌ವರ್ಕ್ ತಂತಿಯ ಪಿನ್ನು) ಬಿಎನ್‌ಸಿಗೆ ಹೋಗುವ ನಾಲ್ಕು ಕನೆಕ್ಟರ್ ಮಾರಿದರು. ಗೋಡೆಯೊಳಗಿದ್ದ 3+1 ಕೇಬಲ್ (ಚಿತ್ರಕ್ಕೆ ಕೊಆಕ್ಸಿಯಲ್, ಜೊತೆಗೆ ಕರೆಂಟಿನ ತಂತಿಗಳು) ಕತ್ತರಿಸಿ ಎಳೆದು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಹಾಕಿದರು. ಆನ್ ಮಾಡಿದರೆ ನಾಲ್ಕೂ ಚೌಕಗಳಲ್ಲಿ "ವಿಡಿಯೋ ಲಾಸ್". ಡಿವಿಆರ್ ಕೆಟ್ಟಿದೆ ಎಂದರು ಮಾರಿದವರು. ಕೆಟ್ಟಿರಲಿಲ್ಲ, ಉಳಿದ ನಾಲ್ಕು ಹಳೆ ಕ್ಯಾಮೆರಾಗಳ ಚಿತ್ರ ಅದರಲ್ಲೇ ಬರುತ್ತಿತ್ತು. ಪೆಟ್ಟಿಗೆ ಒಡೆದ ಮಾಲು ಎಂದು ಕ್ಯಾಮೆರಾ ವಾಪಸೂ ತೆಗೆದುಕೊಳ್ಳಲಿಲ್ಲ. ಹಳೆ ಕೇಬಲ್ ಹೋದದ್ದರಿಂದ ಮೊದಲಿನಂತೆ ಅದಕ್ಕೇ ನೇರವಾಗಿ ಅನಲಾಗ್ ಕ್ಯಾಮೆರಾ ಹಾಕುವ ದಾರಿಯೂ ಮುಚ್ಚಿತು. ಗೇಟು, ಪಾರ್ಕಿಂಗ್ ಎರಡರ ರೆಕಾರ್ಡಿಂಗೂ ಇಲ್ಲ.

ಆ ಕನೆಕ್ಟರಿನ ಪ್ಲಾಸ್ಟಿಕ್ ಬಿಚ್ಚಿ ನೋಡಿ. ಒಂದು ಜೋಡಿ ತಂತಿ, ಒಂದು ಬದಿ ಬಿಎನ್‌ಸಿಯ ನಡುವಿನ ಪಿನ್ನಿಗೆ, ಇನ್ನೊಂದು ಹೊರಗಿನ ಲೋಹಕ್ಕೆ, ಮಧ್ಯೆ ಬಟಾಣಿಯಷ್ಟು ಚಿಕ್ಕ ಸುರುಳಿ. ಇದು ಬಾಲನ್. ಅನಲಾಗ್ ಕ್ಯಾಮೆರಾದ ಚಿತ್ರವನ್ನು ಕೊಆಕ್ಸಿಯಲ್ ಬದಲು ಜೋಡಿ ತಂತಿಯಲ್ಲಿ ಸಾಗಿಸುವುದಷ್ಟೇ ಇದರ ಕೆಲಸ. ಅನಲಾಗ್ ಕ್ಯಾಮೆರಾ ಕಳಿಸುವುದು ಸತತವಾಗಿ ಏರಿಳಿಯುವ ವಿದ್ಯುತ್ ಸಿಗ್ನಲ್. ಅದನ್ನು ಅಂಕಿಗಳಾಗಿ ಮಾಡಿ, ಒತ್ತಿ ಚಿಕ್ಕದು ಮಾಡುವುದು ಡಿವಿಆರ್‌ನ ಕೆಲಸ. ಐಪಿ ಕ್ಯಾಮೆರಾ ಆ ಕೆಲಸವನ್ನೆಲ್ಲ ತನ್ನೊಳಗೇ ಮುಗಿಸಿ ಪ್ಯಾಕೆಟ್‌ಗಳನ್ನು ಕಳಿಸುತ್ತದೆ. ಅದೂ ಎದುರಿನ ತುದಿ ಉತ್ತರ ಕೊಟ್ಟರೆ ಮಾತ್ರ. ಬಿಎನ್‌ಸಿ ತೂತಿನ ಹಿಂದೆ ಉತ್ತರ ಕೊಡುವವರೇ ಇಲ್ಲ. ಹಾಗಾಗಿ ಪಿನ್ನು ಕೂತರೂ ಚಿತ್ರ ಬರುವುದಿಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಬರುವುದಿಲ್ಲ.

ಐಪಿ ಚಿತ್ರವನ್ನು ಬಿಡಿಸಿ ಅನಲಾಗ್ ಮಾಡಿಕೊಡುವ ಡಿಕೋಡರ್ ಪೆಟ್ಟಿಗೆಗಳು ಉಂಟು. ಆದರೆ ಹಳೆ 960ಎಚ್ ಡಿವಿಆರ್ ಹಿಡಿಯುವುದು ಹೆಚ್ಚೆಂದರೆ 960×576 ಪಿಕ್ಸೆಲ್. 2560×1440ರ (4 ಮೆಗಾಪಿಕ್ಸೆಲ್) ಕ್ಯಾಮೆರಾಗೆ ಹಣ ಕೊಟ್ಟು ಅದರ ಆರರಲ್ಲೊಂದು ಪಾಲಿಗಿಂತ ಕಡಿಮೆ ಉಳಿಸಿಕೊಂಡ ಹಾಗಾಯಿತು. ವಾಹನದ ನಂಬರ್ ಓದಬೇಕೆಂದೇ ಹಾಕಿಸಿದ ಗೇಟಿನ ಕ್ಯಾಮೆರಾಗೆ ಇದು ಶುದ್ಧ ನಷ್ಟ.

"ಡಿವಿಆರ್ ಹಿಂದೆ ಲ್ಯಾನ್ ಪೋರ್ಟ್ ಉಂಟಲ್ಲ ಮಾರಾಯ್ರೆ, ಅಲ್ಲಿಗೆ ಕೊಟ್ಟರಾಯಿತು" ಎನ್ನುವುದು ಇನ್ನೊಂದು ಮಾತು. ಹಳೆ ಡಿವಿಆರ್‌ಗಳಲ್ಲಿ ಆ ಪೋರ್ಟ್ ಇರುವುದು ಚಿತ್ರ ಹೊರಗೆ ಹೋಗಲು, ನೀವು ಮೊಬೈಲಿನಲ್ಲಿ ನೋಡಲು. ಒಳಗೆ ಬರುವ ಕ್ಯಾಮೆರಾವನ್ನು ಅದು ಸ್ವೀಕರಿಸಬೇಕಾದರೆ ಡಿವಿಆರ್ ಹೈಬ್ರಿಡ್ (ಅನಲಾಗ್, ಐಪಿ ಎರಡನ್ನೂ ಹಿಡಿಯುವಂಥದ್ದು) ಆಗಿರಬೇಕು. ಪರೀಕ್ಷೆಗೆ ಎರಡೇ ನಿಮಿಷ ಸಾಕು: ಮೆನುವಿನಲ್ಲಿ ಕ್ಯಾಮೆರಾ ವಿಭಾಗಕ್ಕೆ ಹೋಗಿ "ಚಾನೆಲ್ ಟೈಪ್", "ಐಪಿ ಕ್ಯಾಮೆರಾ" ಅಥವಾ "ರಿಮೋಟ್ ಡಿವೈಸ್" ಎಂಬುದು ಇದೆಯೇ ನೋಡಿ. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಆ ಡಿವಿಆರ್‌ನಲ್ಲಿ ಐಪಿ ಕ್ಯಾಮೆರಾದ ಆಸೆ ಅಲ್ಲಿಗೇ ಬಿಡಿ.

ಇದ್ದರೂ ಪೂರ್ತಿ ನಿರಾಳ ಅಲ್ಲ. ಹಲವು ಹೈಬ್ರಿಡ್‌ಗಳಲ್ಲಿ ಒಂದು ಐಪಿ ಚಾನೆಲ್ ತೆರೆದರೆ ಒಂದು ಬಿಎನ್‌ಸಿ ಚಾನೆಲ್ ಮುಚ್ಚುತ್ತದೆ, ಸಾಮಾನ್ಯವಾಗಿ ಕೊನೆಯ ನಂಬರಿನಿಂದ. ಅಲ್ಲಿ ಯಾವ ಕ್ಯಾಮೆರಾ ಇದೆ ಎಂದು ಮೊದಲೇ ನೋಡಿಕೊಳ್ಳಿ. ಎಷ್ಟು ಮೆಗಾಪಿಕ್ಸೆಲ್‌ವರೆಗೆ ಹಿಡಿಯುತ್ತದೆ, ಎಚ್.265 (ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಹೊಸ ವಿಧಾನ) ಬಿಡಿಸಲು ಬರುತ್ತದೆಯೇ ಎಂಬುದನ್ನು ಮಾಡೆಲ್ ನಂಬರಿನ ಡೇಟಾಶೀಟ್ ತೆರೆದೇ ನೋಡಬೇಕು, ಬಾಯಿಮಾತು ಸಾಲದು. ಬಹಳ ಕಡೆ ಕಾಣುವ ತೊಂದರೆ ಹೀಗಿರುತ್ತದೆ: ಎಲ್ಲ ಚೌಕಗಳು ಒಟ್ಟಿಗಿರುವಾಗ ಚಿತ್ರ ಇದೆ, ಒಂದನ್ನು ದೊಡ್ಡದು ಮಾಡಿದ ಕೂಡಲೇ ಕಪ್ಪು. ಚೌಕದಲ್ಲಿ ಓಡುವುದು ಸಣ್ಣ ಸಬ್‌ಸ್ಟ್ರೀಮ್, ದೊಡ್ಡದಾಗಿಸಿದಾಗ ಬರುವುದು ಮೇನ್‌ಸ್ಟ್ರೀಮ್, ಅದನ್ನು ಬಿಡಿಸುವ ಶಕ್ತಿ ಹಳೆ ಪೆಟ್ಟಿಗೆಗೆ ಇಲ್ಲ. ಬ್ರೌಸರಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ ಪುಟಕ್ಕೆ ಹೋಗಿ ಮೇನ್‌ಸ್ಟ್ರೀಮನ್ನು ಹಳೆ ವಿಧಾನವಾದ ಎಚ್.264ಕ್ಕೆ, 1080ಪಿಗೆ, ಸೆಕೆಂಡಿಗೆ 15 ಫ್ರೇಮ್‌ಗೆ ಇಳಿಸಿ. ಎಚ್.264+, ಸ್ಮಾರ್ಟ್ ಕೋಡೆಕ್ ಎಂದು ಏನಿದ್ದರೂ ಆಫ್ ಮಾಡಿ.

ಸೇರಿಸುವ ಮುಂಚೆ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಕೊಟ್ಟು ಪಾಸ್‌ವರ್ಡ್ ಇಡಿ, ಡಿವಿಆರ್ ಇರುವ ಸಾಲಿನಲ್ಲೇ (ಅದೇ ನೆಟ್‌ವರ್ಕಿನ ನಂಬರುಗಳಲ್ಲಿ) ಒಂದು ಸ್ಥಿರ ಐಪಿ ವಿಳಾಸ ಕೊಡಿ. ರೂಟರ್ ತಾನಾಗಿ ಕೊಡುವ ಐಪಿಯನ್ನು ನಂಬಿದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಕ್ಯಾಮೆರಾ ಬೇರೆ ನಂಬರಿಗೆ ಹೋಗಬಹುದು, ಆಗ ಡಿವಿಆರ್ ಹಳೆ ನಂಬರಿನಲ್ಲಿ ಹುಡುಕುತ್ತಾ ಕೂರುತ್ತದೆ. ಬ್ರ್ಯಾಂಡ್ ಬೇರೆ ಬೇರೆಯಾದರೆ ಸಾಮಾನ್ಯವಾಗಿ ಆನ್‌ವಿಫ್ (ಬೇರೆ ಬ್ರ್ಯಾಂಡ್‌ಗಳು ಒಂದಕ್ಕೊಂದು ಮಾತಾಡುವ ಸಾಮಾನ್ಯ ಭಾಷೆ) ಮೂಲಕ ಸೇರಿಸಬೇಕು. ಕೆಲವು ಕ್ಯಾಮೆರಾಗಳಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿ ಅದಕ್ಕೆಂದೇ ಬೇರೆ ಯೂಸರ್ ಸೃಷ್ಟಿಸಬೇಕು. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಎಂದು ತೋರಿಸಿದರೆ ಎರಡರ ಗಡಿಯಾರ ನೋಡಿ. ಆನ್‌ವಿಫ್ ಲಾಗಿನ್‌ನಲ್ಲಿ ಸಮಯವೂ ಸೇರಿರುತ್ತದೆ, ಕ್ಯಾಮೆರಾದ ಗಡಿಯಾರ ಹೊಂದಿಸದೆ 1970ರಲ್ಲೇ ಇದ್ದರೆ ಡಿವಿಆರ್‌ನ ಪಾಸ್‌ವರ್ಡನ್ನು ಅದು ಒಪ್ಪುವುದಿಲ್ಲ. ಗೊತ್ತಿಲ್ಲದೆ ಮತ್ತೆ ಮತ್ತೆ ಒತ್ತಿದರೆ ಕ್ಯಾಮೆರಾ ಸ್ವಲ್ಪ ಹೊತ್ತು ಲಾಕ್ ಆಗಿ ಮಂಡೆಬಿಸಿ ಇನ್ನೂ ಹೆಚ್ಚು.

ಹಾರ್ಡ್‌ಡಿಸ್ಕ್ ಲೆಕ್ಕ ಯಾರೂ ಹೇಳುವುದಿಲ್ಲ. 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ವೇಗದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಆರು ದಿನಕ್ಕೂ ಸಾಲದು. ಕಳ್ಳತನ ಗೊತ್ತಾಗಿ ಹಿಂದಿನ ವಾರದ ರೆಕಾರ್ಡಿಂಗ್ ಹುಡುಕುವಾಗ ಅದು ಅಳಿಸಿ ಹೋಗಿರುತ್ತದೆ.

ಹಳೆ ಕೊಆಕ್ಸಿಯಲ್ ಕೇಬಲನ್ನು ಮಾತ್ರ ಯಾರು ಏನೇ ಹೇಳಿದರೂ ಕತ್ತರಿಸಲು ಬಿಡಬೇಡಿ. ಡಿವಿಆರ್ ಅನಲಾಗ್ ಎಚ್‌ಡಿ ಹಿಡಿಯುವಂಥದ್ದಾದರೆ ಅದೇ ಕೇಬಲ್ಲಿಗೆ 2 ಮೆಗಾಪಿಕ್ಸೆಲ್ ಅನಲಾಗ್ ಎಚ್‌ಡಿ ಕ್ಯಾಮೆರಾ ಕೂರುತ್ತದೆ, ಹೆಚ್ಚಿನವರಿಗೆ ಅಷ್ಟೇ ಸಾಕು. ಐಪಿಯೇ ಬೇಕಾದರೆ ನಾಲ್ಕು ಚಾನೆಲ್ಲಿನ ಎನ್‌ವಿಆರ್ (ಐಪಿ ಕ್ಯಾಮೆರಾಗೆಂದೇ ಇರುವ ರೆಕಾರ್ಡರ್) ಒಂದನ್ನು ಪಕ್ಕದಲ್ಲಿಡಿ, ಹಳೆ ಡಿವಿಆರ್ ಹಳೆ ಕ್ಯಾಮೆರಾಗಳಿಗೆ ಇರಲಿ. ಒಂದೇ ಮಾನಿಟರಿಗೆ ಒಂದನ್ನು ಎಚ್‌ಡಿಎಂಐಯಲ್ಲಿ, ಇನ್ನೊಂದನ್ನು ವಿಜಿಎಯಲ್ಲಿ ಕೊಡಬಹುದು. ಗೋಡೆ ಒಡೆಯದೆ ಹಳೆ ಕೇಬಲ್ಲಿನಲ್ಲೇ ಐಪಿ ಸಾಗಿಸುವ ಇಒಸಿ (ಈಥರ್ನೆಟ್ ಓವರ್ ಕೊಆಕ್ಸ್) ಕನ್ವರ್ಟರ್ ಜೋಡಿಯೂ ಸಿಗುತ್ತದೆ. ಅದರ ಎರಡೂ ತುದಿಗೆ ಪೆಟ್ಟಿಗೆ ಬೇಕು, ಈಚೆ ತುದಿಯಲ್ಲಿ ಹೊರಬರುವುದು ಆರ್‌ಜೆ45, ಅದು ಸ್ವಿಚ್ಚಿಗೆ ಅಥವಾ ಎನ್‌ವಿಆರ್‌ಗೆ ಹೋಗಬೇಕೇ ಹೊರತು ಬಿಎನ್‌ಸಿಗಲ್ಲ. ಕಡಲ ಗಾಳಿಗೆ ಹಸಿರು ಹಿಡಿದ ಬಿಎನ್‌ಸಿ ಪಿನ್ನುಗಳನ್ನು ಮೊದಲು ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ, ಇಲ್ಲದಿದ್ದರೆ ಲಿಂಕ್ ಬಂದು ಬಂದು ಹೋಗುತ್ತದೆ.

ಕ್ಯಾಟ್6 ಎಳೆಸುವವರು ಅದು ಪೂರ್ತಿ ತಾಮ್ರವೇ ಎಂದು ತುದಿಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ತಾಮ್ರದ ಲೇಪದ ಅಲ್ಯೂಮಿನಿಯಂ. ಉದ್ದ ಓಟದಲ್ಲಿ ಅದರ ಮೇಲೆ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕೊಡುವ) ಕರೆಂಟು ಕೊಟ್ಟರೆ ಹಗಲು ಸರಿಯಿರುವ ಕ್ಯಾಮೆರಾ, ರಾತ್ರಿ ಕತ್ತಲಲ್ಲಿ ನೋಡುವ ಐಆರ್ ದೀಪ ಉರಿದ ಕೂಡಲೇ ರೀಸ್ಟಾರ್ಟ್ ಆಗಬಹುದು. ಒಂದು ಓಟ 100 ಮೀಟರ್ ದಾಟಬಾರದು. ಗೇಟಿನ ಕ್ಯಾಬಿನ್ನಿಗೂ ಕಟ್ಟಡಕ್ಕೂ ನಡುವೆ ತಾಮ್ರದ ಕೇಬಲ್ ಗಾಳಿಯಲ್ಲಿ ತೂಗಿಸಬೇಡಿ, ಫೈಬರ್ ಎಳೆದು ಎರಡು ಬದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಮಳೆ ಹಿಡಿಯುವ ಮುಂಚಿನ ಸಿಡಿಲಿಗೆ ಪ್ಲಗ್ ಕಿತ್ತಿಟ್ಟ ರೆಕಾರ್ಡರ್‌ಗಳೂ ಸುಡುತ್ತವೆ, ಏಕೆಂದರೆ ಸಿಡಿಲಿನ ವೋಲ್ಟೇಜು ಕ್ಯಾಮೆರಾ ತಂತಿಯಿಂದಲೂ ಒಳಗೆ ಬರುತ್ತದೆ.