ಹೇಳದೆ ಬಿಟ್ಟದ್ದನ್ನು ಓದುವುದು: ಪ್ರಶ್ನೆಯ ದಾರಿಯೋ, ಯೋಚಿಸಿ ತೋರಿಸುವ ದಾರಿಯೋ?

ಇಂಗ್ಲಿಷ್ ಪಾಠದಲ್ಲಿ ‘ಕಾಫಿ ತೋಟವೆಲ್ಲ ಬೆಳ್ಳಗಾಗಿತ್ತು’ ಎಂಬ ಅರ್ಥದ ವಾಕ್ಯ ಬಂದರೆ, ಕೆಲವು ದಿನಗಳ ಹಿಂದೆ ಕಾಫಿ ಹೂವರಳಿಸುವ ಹೂಮಳೆ ಬಿದ್ದಿರಬೇಕೆಂದು ಮಡಿಕೇರಿಯ ಮಗು ಥಟ್ಟನೆ ಊಹಿಸೀತು. ಅದೇ ಮಗು, ಯಾರೋ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವಿದರೆಂದು ಓದಿದಾಗ ಸುಮ್ಮನಾಗಬಹುದು. ಕೊರತೆಯಿರುವುದು ತರ್ಕದಲ್ಲಲ್ಲ, ಪರಿಚಯದಲ್ಲಿ.

ಊಹಿಸಿ ಓದುವುದನ್ನು ಕಲಿಸಲು ಬಳಕೆಯಲ್ಲಿರುವ ಎರಡು ವಿಧಾನಗಳನ್ನು ಇಲ್ಲಿ ಹೋಲಿಸಬಹುದು. 1980ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಟ್ಯಾಫಿ ರಾಫೆಲ್ ರೂಪಿಸಿದ ವಿಧಾನವು ಪ್ರಶ್ನೆಗಳನ್ನು 4 ಬಗೆಯಾಗಿ ವಿಂಗಡಿಸುತ್ತದೆ: ಉತ್ತರ ಒಂದೆಡೆಯೇ ಇದೆಯೇ, ಹಲವೆಡೆ ಹರಡಿದೆಯೇ, ಲೇಖಕರ ಸುಳಿವಿಗೆ ನಮ್ಮ ತಿಳಿವಳಿಕೆಯೂ ಸೇರಬೇಕೇ, ಅಥವಾ ಓದದೆಯೂ ಹೇಳಬಹುದೇ. ದೊಡ್ಡ ತರಗತಿಗೂ ಪರೀಕ್ಷೆಯ ಸಿದ್ಧತೆಗೂ ಇದು ಒಗ್ಗುತ್ತದೆ.

ಎರಡನೆಯ ವಿಧಾನದಲ್ಲಿ ಶಿಕ್ಷಕರು ಓದುತ್ತಲೇ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾರೆ: ‘ಬೂಟಿನಲ್ಲಿ ಹಿಮವಿದೆ. ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬಂದವರನ್ನು ಕಂಡರೆ ಮಳೆಗಾಲವೆಂದು ನಮಗೆ ತಿಳಿಯುವಂತೆ, ಇಲ್ಲಿ ಚಳಿಗಾಲವೆಂದು ತಿಳಿಯಬೇಕು. ಇವರು ನಡೆದೇ ಬಂದಿರಬೇಕು.’ ಪ್ರಶ್ನೆಯ ವಿಧಾನವು ಉತ್ತರವಿರುವ ಜಾಗವನ್ನು ತೋರಿಸಿದರೆ, ಇದು ಅಲ್ಲಿಗೆ ತಲಪುವ ಹೆಜ್ಜೆಗಳನ್ನೇ ತೋರಿಸುತ್ತದೆ. ಆದ್ದರಿಂದ, ಸಮಯ ಹೆಚ್ಚು ಹಿಡಿದರೂ, ಹೊಸಬರಿಗೆ ಇದನ್ನೇ ಮೊದಲು ಆರಿಸುವುದು ಸೂಕ್ತವೆಂದು ನನಗೆ ತೋರುತ್ತದೆ. ಮನೆಯಲ್ಲಿ ಕೊಡಗಿನ ನುಡಿಗಳಾದ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಮಕ್ಕಳು ತಮ್ಮ ಊಹೆಯನ್ನು ಮೊದಲು ಆ ಮಾತಿನಲ್ಲೇ ಹೇಳಲಿ. ಇಂಗ್ಲಿಷ್ ವಾಕ್ಯ ಆಮೇಲೆ ಬಂದರೆ ನಷ್ಟವಿಲ್ಲ.

ಪುಟದ ತುಂಬ ಗೊತ್ತಿಲ್ಲದ ಪದಗಳಿದ್ದರೆ ಮಾತ್ರ ಎರಡೂ ಸೋಲುತ್ತವೆ. ಆಗ ಬದಲಿಸಬೇಕಾದದ್ದು ಪಾಠವನ್ನೇ.