ಓದಲೊಲ್ಲದ ಮಗನ ಮುಂದೆ ನಾಲ್ಕು ನಗೆಪುಸ್ತಕಗಳು

ಎಂಟು ವರ್ಷದ ನನ್ನ ಮಗನಿಗೆ ಓದಲು ಬರುತ್ತಿತ್ತು, ಓದುವ ಮನಸ್ಸು ಬರುತ್ತಿರಲಿಲ್ಲ. ಏನು ಕೊಟ್ಟರೂ ಹಾಳೆ ತಿರುವಿ, ಚಿತ್ರ ನೋಡಿ, ‘ಮುಗೀತು’ ಅಂತ ಕೆಳಗಿಡುತ್ತಿದ್ದ. ನಾಲ್ಕು ಬಗೆಯ ನಗೆಚಿತ್ರಗಳ ಪುಸ್ತಕಗಳನ್ನು ಒಂದಾದ ಮೇಲೊಂದು ಕೊಟ್ಟು ಪಕ್ಕದಲ್ಲೇ ಕೂತೆ. ಎಲ್ಲಿ ನಗುತ್ತಾನೆ, ಎಲ್ಲಿ ಮಾತು ಹಾರಿಸುತ್ತಾನೆ ಅನ್ನುವುದಷ್ಟೇ ನನಗೆ ಬೇಕಿತ್ತು.

ಮೊದಲು ಆಸ್ಟೆರಿಕ್ಸ್, ನನ್ನ ಪ್ರೀತಿಯದ್ದು. ರೋಮನ್ ಸೈನಿಕರು ಏಟು ತಿಂದು ಚಪ್ಪಲಿ ಬಿಟ್ಟು ಹಾರುವಾಗ ಬಿದ್ದು ಬಿದ್ದು ನಕ್ಕ. ಆದರೆ ಒಂದು ಮಾತಿನ ಬಲೂನನ್ನೂ ಓದಲಿಲ್ಲ. ಹೆಸರುಗಳಲ್ಲೇ ಶ್ಲೇಷೆ, ನಡುನಡುವೆ ಲ್ಯಾಟಿನ್, ಕಿಕ್ಕಿರಿದ ಮಾತು. ಓದುವ ರುಚಿ ಹತ್ತಿದವರಿಗೆ ಅದು ಹಬ್ಬ, ಹತ್ತದವರಿಗೆ ಗೋಡೆ.

ನಾರ್ವಾಲ್ ಮತ್ತು ಜೆಲ್ಲಿ ಸಣ್ಣ ಪುಸ್ತಕ, ಒಳಗೆ ಕೋಡಿನಂಥ ಹಲ್ಲಿನ ತಿಮಿಂಗಿಲ, ಜೆಲ್ಲಿ ಮೀನು ಇಬ್ಬರ ಪುಟ್ಟ ಪುಟ್ಟ ಕಥೆಗಳು. ಒಂದೇ ಕೂತಲ್ಲಿ ಮುಗಿಸಿದ. ಎರಡನೆಯದನ್ನು ಕೊಟ್ಟಾಗ ‘ಇದು ಪಾಪುಗಳದ್ದು’ ಅಂದ. ಆರು ವರ್ಷದ ಮಗುವಿಗೆ ಕಣ್ಣು ಮುಚ್ಚಿ ಕೊಡಬಹುದು.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. 2016ರಲ್ಲಿ ಶುರುವಾದ ಡಾಗ್ ಮ್ಯಾನ್‌ನಲ್ಲಿ ಪೊಲೀಸನ ಮೈಗೆ ನಾಯಿಯ ತಲೆ ಹೊಲಿದಿದ್ದಾರೆ. ಇಷ್ಟು ಸಾಕಾಯಿತು, ಪುಸ್ತಕ ಕೈಗೆ ಹೋಯಿತು. ಅಲ್ಲಲ್ಲಿ ಒಂದು ಹಾಳೆಯನ್ನು ಹಿಂದೆ ಮುಂದೆ ಪಟಪಟ ಆಡಿಸಿದರೆ ಚಿತ್ರ ಕುಣಿಯುವ ಆಟವೂ ಇದೆ. ನಮ್ಮ ಪ್ರತಿಯ ಅಂಥ ಹಾಳೆಗಳು ಮುದುಡಿ ಹೋಗಿವೆ. ಬರೆದ ಡೇವ್ ಪಿಲ್ಕಿ ಅವರಿಗೆ ಚಿಕ್ಕಂದಿನಲ್ಲಿ ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಇತ್ತು, ತರಗತಿಯಿಂದ ಹೊರಗೆ ಕೂರಿಸಿದಾಗ ಅಲ್ಲೇ ಚಿತ್ರ ಬರೆಯುತ್ತಿದ್ದರು. ಓದು ಕಷ್ಟವಾಗುವ ಮಗುವಿನ ಮನಸ್ಸು ಅವರಿಗೆ ಗೊತ್ತು. ಆದರೂ ಹೊಡೆದಾಟ ಬಂದರೆ ನನ್ನ ಮಗ ಮಾತು ಬಿಟ್ಟು ಚಿತ್ರದಲ್ಲೇ ಓಡುತ್ತಿದ್ದ, ಕಥೆ ಅರ್ಥವೂ ಆಗುತ್ತಿತ್ತು.

ಬ್ಯಾಡ್ ಗೈಸ್‌ನಲ್ಲಿ ಹಾಗೆ ಓಡಲು ದಾರಿಯೇ ಇರಲಿಲ್ಲ. ತೋಳ, ಹಾವು, ಶಾರ್ಕ್, ಪಿರಾನಾ ಮೀನು ಸೇರಿ ಒಳ್ಳೆಯವರಾಗಲು ಹೊರಡುತ್ತವೆ. ಮೊದಲ ಸಂಪುಟದಲ್ಲಿ ಅವುಗಳ ಕೆಲಸ ಕೂಡಿಹಾಕಿದ 200 ನಾಯಿಗಳನ್ನು ಬಿಡಿಸಿ ತರುವುದು. ತೋಳನದ್ದು ಬರೀ ಉತ್ಸಾಹ, ಹಾವಿನದ್ದು ಬರೀ ಗೊಣಗಾಟ. ನಗು ಹುಟ್ಟುವುದು ಆ ಮಾತುಕತೆಯಲ್ಲಿ, ಓದದಿದ್ದರೆ ಅದು ಕೈಗೆ ಸಿಗುವುದಿಲ್ಲ. ಪುಟಕ್ಕೆ ಕೆಲವೇ ಸಾಲು, ದಪ್ಪ ಅಕ್ಷರ; ಹಾಗಾಗಿ ಹೆದರಲಿಲ್ಲ. ಮೂರನೇ ದಿನ ಅವನೇ ‘ಅಪ್ಪಾ, ನೀನು ತೋಳ, ನಾನು ಹಾವು’ ಅಂತ ಪಾತ್ರ ಹಂಚಿದ. ಹಾವಿನ ಗೊಣಗಾಟವನ್ನು ಗಟ್ಟಿಯಾಗಿ ಓದುತ್ತಾ, ತಪ್ಪಿದಲ್ಲಿ ನಿಂತು, ಮತ್ತೆ ಓದಿದ. ನಾನು ಹೇಳಿಕೊಡುವ ಮೊದಲೇ.

ಹಾಗಾಗಿ ನನ್ನ ಆಯ್ಕೆ ಬ್ಯಾಡ್ ಗೈಸ್ ಮೊದಲು, ಡಾಗ್ ಮ್ಯಾನ್ ಆಮೇಲೆ. ಹೋದ ವಾರ ಅವನು ಡಾಗ್ ಮ್ಯಾನ್ ಮತ್ತೆ ತೆಗೆದ. ಅದರ ಕಥೆ ಬರೆದವರು ಇಬ್ಬರು ಶಾಲಾ ಹುಡುಗರು ಅನ್ನುವ ಆಟವಿರುವುದರಿಂದ ಅಲ್ಲಲ್ಲಿ ಬೇಕೆಂದೇ ಬಿಟ್ಟ ಕಾಗುಣಿತದ ತಪ್ಪುಗಳಿವೆ. ಹಿಂದೆ ನಾಲ್ಕು ಸಲ ‘ಓದಿ’ದ್ದಾಗ ಕಾಣದ ಒಂದನ್ನು ಬೆರಳಿಟ್ಟು ತೋರಿಸಿದ: ‘ಅಪ್ಪಾ, ಇಲ್ಲಿ ತಪ್ಪು ಬರೆದಿದಾರೆ!’